ಕೆಂಪು ದಾರದ ಲೋಟ

"ಎಚ್‌ಐವಿ ಇಲ್ಲ," ಎಂದರು ಡಾಕ್ಟರ್ ಸೌಜನ್ಯ. ಕುಂತಲ್ಲಿ ಕೂರಲಾರದೆ ಎದ್ದು ನಿಂತಿದ್ದ ಸಂಗಮ್ಮ, ಸೆರಗಿನ ಮರೆಯಲ್ಲಿದ್ದ ಸ್ಟೀಲ್ ಲೋಟವನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಗಂಡನ ಮಿದುಳಿಗೆ ಫಂಗಸ್ ಹತ್ತಿದೆ ಎಂದು ಹೊಸಪೇಟೆಯ ಈ ಆಸ್ಪತ್ರೆಯಲ್ಲಿ ತಿಳಿದ ದಿನವೇ, ಅದು ಆ ರೋಗದವರಿಗೇ ಬರುವುದೆಂದು ಪಕ್ಕದ ಮಂಚದವರು ಪಿಸುಗುಟ್ಟಿದ್ದರು. ಸಂಡೂರಿನಿಂದ ಊರೂರಿಗೆ ಅದಿರು ಲಾರಿ ಓಡಿಸುವ ಗಂಡ; ಅವಳು ನಂಬಿಬಿಟ್ಟಳು. ತನ್ನದರ ಜೊತೆ ಬೆರೆಯದಿರಲೆಂದು ಅವನ ಲೋಟಕ್ಕೆ ಕೆಂಪು ದಾರ ಕಟ್ಟಿದಳು. ನಾಲ್ಕು ದಿನದಿಂದ ಅವನ ಮುಖ ನೋಡಿ ಮಾತಾಡಿರಲಿಲ್ಲ.

"ಮತ್ತ ಇದು ಹೆಂಗ ಬಂತ್ರಿ ಮೇಡಂ?"

"ಮೈಯಾಗ ರೋಗ ತಡೆಯೋ ಶಕ್ತಿ ಕುಂದಿದ್ರ ಯಾರಿಗಾದ್ರೂ ಬರ್ತದ. ನಿಮ್ಮ ಯಜಮಾನ್ರು ದಿನಾ ಏನರ ಗುಳಿಗಿ ನುಂಗ್ತಿದ್ರೇನು?"

"ಸೊಂಟನೋವಿಗೆ ಒಂದ್ ಸಣ್ಣ ಗುಳಿಗಿ, ಅಷ್ಟರಿ. ಎರಡು ವರ್ಷ ಆತು. ಅಂಗಡ್ಯಾಗ ಚೀಟಿ ಇಲ್ದನ ಕೊಡ್ತಾರ. ನಾನ ತಂದು ಕೊಡ್ತೀನಿ." ಚೀಲದಿಂದ ಅರ್ಧ ಖಾಲಿಯಾದ ಗುಳಿಗೆ ಪಟ್ಟಿ ತೆಗೆದು ಕೊಟ್ಟಳು.

ಡಾಕ್ಟರ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. "ಇದು ಸ್ಟೀರಾಯ್ಡ್, ಸಂಗಮ್ಮ. ಶಕ್ತಿ ತಿಂದದ್ದು ಇದ."

ಸಂಗಮ್ಮ ದಾರವನ್ನು ಹಲ್ಲಿನಿಂದ ಕಚ್ಚಿ ಹರಿದಳು. ಲೋಟಕ್ಕೆ ನೀರು ತುಂಬಿಕೊಂಡು, ಅರ್ಧ ಚೆಲ್ಲುತ್ತ, ವಾರ್ಡಿಗೆ ಓಡಿದಳು. ನಾಲ್ಕು ದಿನದ ಮೇಲೆ ಅವಳು ಹತ್ತಿರ ಬಂದು ನಿಂತದ್ದಕ್ಕೆ ಗಂಡನ ಮುಖ ಅರಳಿತು. ದಿನದ ರೂಢಿಯಂತೆ ಅಂಗೈ ಚಾಚಿ, "ನನ್ ಗುಳಿಗಿ ತಂದೀಯೇನ?" ಎಂದ.