ಕಂಪನಿಯ ದನಿ

ಹುಬ್ಬಳ್ಳಿಯ ಆ ವಿಮೆ ಕಂಪನಿಯಲ್ಲಿ ಫೋನಿನ ಮೇಲೆ ಪಾಲಿಸಿ ಮಾರುವವರು ಬೆಳಿಗ್ಗೆ ಸ್ವಂತ ದನಿಯನ್ನು ಕ್ಷೇಮ ಕೌಂಟರಿನಲ್ಲಿಟ್ಟು, ಕಂಪನಿಯ ದನಿ ಹಾಕಿಕೊಳ್ಳುತ್ತಾರೆ; ಸಂಜೆ ಅದನ್ನು ಕೊಟ್ಟು ತಮ್ಮದನ್ನು ಮರಳಿ ಪಡೆಯುತ್ತಾರೆ. ಗಿರಾಕಿಗಳ ಬೈಗುಳವೆಲ್ಲ ಅದಕ್ಕೇ ಬಡಿಯಲಿ, ಯಾರ ಮನೆಗೂ ಹೋಗದಿರಲಿ ಎಂಬ ಏರ್ಪಾಡು.

ತಿಂಗಳ ಕೊನೆಯ ದಿನ, ಅವರಲ್ಲೊಬ್ಬಳಾದ ನೀಲಗಂಗಾ ಮನೆಗೆ ಹೊರಟಾಗ ಕೌಂಟರಿಗೆ ಬೀಗ ಬಿದ್ದಿತ್ತು. ಟಾರ್ಗೆಟ್ ಮುಟ್ಟಿಲ್ಲವೆಂದು ಕೌಂಟರು ನೋಡಿಕೊಳ್ಳುವ ಗುರುಶಾಂತನನ್ನೂ ಫೋನಿಗೆ ಕೂರಿಸಿದ್ದರು.

"ಇವತ್ತೊಂದಿನ ಕಂಪನಿ ದನೀನ ಒಯ್ರಿ. ನಾಳೆ ಮುಂಜಾನೆ ತಂದುಕೊಟ್ರಾತು," ಎಂದರು ಮ್ಯಾನೇಜರ್. ಅವರದು ಸ್ವಂತ ದನಿ. ಅವರಿಗೆ ಯಾರೂ ಬೈಯುವುದಿಲ್ಲ.

ನೀಲಗಂಗಾ ಮನೆಯ ಬಾಗಿಲು ಬಡಿದಳು.

"ಯಾರ್ರೀ?" ಒಳಗಿನಿಂದ ಪುಟ್ಟ ಮಗಳು ಪಾರು ಕೇಳಿದಳು.

"ನಮಸ್ಕಾರ. ನಾನು ನಿಮ್ಮ ತಾಯಿ ನೀಲಗಂಗಾ ಮಾತನಾಡುತ್ತಿದ್ದೇನೆ. ತಮಗೆ ಎರಡು ನಿಮಿಷ ಬಿಡುವಿದೆಯೇ?"

ಮಾರುವವರು ಬಂದರೆ ಏನು ಹೇಳಬೇಕೆಂದು ಅವ್ವ ಕಲಿಸಿದ್ದಳೋ ಅದನ್ನೇ ಪಾರು ಹೇಳಿದಳು: "ನಮಗೇನೂ ಬ್ಯಾಡ್ರಿ. ಅವ್ವ ಮನ್ಯಾಗಿಲ್ಲ."

ನೀಲಗಂಗಾ ಬಾಗಿಲಿಗೆ ಹಣೆ ಆನಿಸಿದಳು. ಕಣ್ಣು ತುಂಬಿ ಬಂತು. ದನಿ ಮಾತ್ರ ನಗುತ್ತಲೇ ಇತ್ತು.

"ಪರವಾಗಿಲ್ಲ ಮೇಡಂ. ಅವರು ಯಾವಾಗ ಸಿಗುತ್ತಾರೆ?"