ಕೆಂಪು ಪೆನ್ಸಿಲ್

ಪ್ರಫುಲ್ಲಾ ಕೊಟ್ಟ ರಾಜೀನಾಮೆ ಪತ್ರವನ್ನು ಓದಿ ಮುಗಿಸಿದ ಕಾಲ್ವರ್ಟ್ ಕೆಂಪು ಪೆನ್ಸಿಲ್ ಕೈಗೆತ್ತಿಕೊಂಡ. ಲಂಡನ್ನಿನ ಟಿವಿಗೆ ಮೂವತ್ತು ವರ್ಷ ವಿಜ್ಞಾನ-ಕಲ್ಪನೆಯ ಧಾರಾವಾಹಿಗಳನ್ನು ಬರೆದು, ಈಗ ಕೊಲ್ಲಿ ದೇಶದ ಮಿರ್ದಿಫ್‌ನಲ್ಲಿರುವ ಮಗಳ ವಿಲ್ಲಾದಲ್ಲಿ ವೀಲ್‌ಚೇರ್ ಹಿಡಿದಿದ್ದ ಮುದುಕ ಅವನು. ಪ್ರಫುಲ್ಲಾ ಅವನ ಹೋಮ್ ನರ್ಸ್.

“ನಟರು ಕೆಲಸ ಬಿಟ್ಟರೆ ಬೇರೆ ಬರಹಗಾರರು ಪಾತ್ರವನ್ನೇ ಸಾಯಿಸುತ್ತಿದ್ದರು. ನಾನು ಹಾಗಲ್ಲ,” ಎಂದ. “ಹೆಸರಿನ ಮೇಲೆ ಒಂದು ಗೀಟು ಎಳೆಯುತ್ತಿದ್ದೆ, ಅಷ್ಟೆ. ಮುಂದಿನ ಕಂತಿನಲ್ಲಿ ಅವರು ಯಾರೆಂದು ಯಾರಿಗೂ ನೆನಪೇ ಇರುತ್ತಿರಲಿಲ್ಲ. ಅಳುವ ದೃಶ್ಯವೂ ಬೇಕಾಗುತ್ತಿರಲಿಲ್ಲ.”

ಇದನ್ನು ನೂರು ಸಲ ಕೇಳಿದ್ದ ಅವಳು, “ಆಯ್ತು ಸರ್, ಮೊದಲು ಮಾತ್ರೆ ತೆಗೊಳ್ಳಿ,” ಎಂದು ನಕ್ಕಳು. ಅವನು ಮಾತ್ರೆ ನುಂಗಿ, ಪತ್ರದ ಕೊನೆಯಲ್ಲಿದ್ದ ಅವಳ ಹೆಸರಿನ ಮೇಲೆ ಮೆತ್ತಗೆ ಗೀಟು ಎಳೆದ. ಚಮಚ ಹಿಡಿಯಲೂ ಬಾರದಷ್ಟು ನಡುಗುವ ಆ ಕೈ ಆಗ ಮಾತ್ರ ನಡುಗಲಿಲ್ಲ.

ಅವಳು ಮನೆಗೆ ಹೊರಟಾಗ ಗೇಟಿನಲ್ಲಿ ವಾಚ್‌ಮನ್ ರವೂಫ್ ಇದ್ದ. ಎರಡು ವರ್ಷದಿಂದ ದಿನವೂ “ಊಟ ಆಯ್ತಾ ಅಕ್ಕಾ?” ಎಂದು ಕೇಳುತ್ತಿದ್ದ ಉಪ್ಪಿನಂಗಡಿಯವನು. ಇವತ್ತು ಎದ್ದು ನಿಂತು, ದಾರಿಗೆ ಅಡ್ಡ ಬಂದು, ಹಿಂದಿಯಲ್ಲಿ ಕೇಳಿದ: “ಮೇಡಂ, ಆಪ್ ಕೌನ್?”

“ತಮಾಷೆ ಸಾಕು ಮಾರಾಯ,” ಎಂದಳು. ಅವನು ನಗಲಿಲ್ಲ. ತಡವರಿಸುತ್ತ ಅಲ್ ನಹ್ದಾದ ತನ್ನ ಮನೆಗೆ ಫೋನ್ ಮಾಡಿದಳು. ಎಂಟು ವರ್ಷದ ಮಗಳು ಎತ್ತಿದಳು.

“ದೀಕ್ಷಾ, ಅಮ್ಮ ಮಾತಾಡುದು.”

ಆ ಕಡೆ ಟಿವಿಯ ಸದ್ದು ಕಡಿಮೆಯಾಯಿತು.

“ಸಾರಿ ಆಂಟಿ,” ಎಂದಳು ಮಗಳು, ತುಂಬ ಮರ್ಯಾದೆಯಿಂದ. “ರಾಂಗ್ ನಂಬರ್.”