ಬಿರುಕಿನೊಳಗಿನ ಕೂದಲು

ಸೈದಪ್ಪ ಗೋಡೆಯ ಬಿರುಕಿಗೆ ಉಳಿ ಹೊಡೆದಾಗ, ಉದುರಿದ ಗಿಲಾವಿನ ಜೊತೆ ಕೂದಲಿನ ಉಂಡೆಯೊಂದು ಹೆಂಡತಿ ಸಾಬಮ್ಮನ ಸಿಮೆಂಟ್ ಬುಟ್ಟಿಯ ಪಕ್ಕ ಬಿತ್ತು. ಸರಸಂಬಾ ಊರಿನ ಕರಿಮಣ್ಣಿನ ಮೇಲೆ ಕಟ್ಟಿದ ಮನೆ. ಬೇಸಿಗೆ ಬಂದರೆ ಗೋಡೆ ಅದೇ ಜಾಗದಲ್ಲಿ ಬಾಯಿ ಬಿಡುತ್ತಿತ್ತು. ಇಷ್ಟು ವರ್ಷ ಮೇಲೆ ಮೇಲೆ ಮೆತ್ತಿ ಸಾಕಾಗಿ, ಈ ಸಲ ಆಳದವರೆಗೆ ಕೆತ್ತಿ ತುಂಬೋಣವೆಂದು ಇಬ್ಬರೂ ಬೆಳಗಿನಿಂದ ಹೆಣಗುತ್ತಿದ್ದರು.

ಸಾಬಮ್ಮನಿಗೆ ನೋಡಿದೊಡನೆ ಗುರುತು ಹತ್ತಿತು. ಮದುವೆಯಾಗಿ ಬಂದ ಹೊಸದರಲ್ಲಿ, ಕೂದಲು ಕೊಂಡು ಪಾತ್ರೆ ಕೊಡುವವಳು ಬಂದಾಳೆಂದು, ತಲೆ ಬಾಚಿದಾಗಲೆಲ್ಲ ಉದುರಿದ್ದನ್ನು ಸುತ್ತಿ ಇದೇ ಸಂದಿಯಲ್ಲಿ ಸಿಕ್ಕಿಸುತ್ತಿದ್ದಳು.

ಸೈದಪ್ಪ ಉಂಡೆಯನ್ನೆತ್ತಿ ಧೂಳು ಊದಿದ. ಒಂದು ಎಳೆ ಬಿಡಿಸಿ ಎಳೆದ. ಮೊಳದುದ್ದ ಬಂತು, ಇನ್ನೂ ಕರ್ರಗಿತ್ತು. "ನಮ್ಮವ್ವಂದು ಇರ್ಬೇಕು," ಅಂದ. ಸತ್ತ ತಾಯಿಯ ನೆನಪಿಗೆ ದನಿ ಮೆತ್ತಗಾಗಿತ್ತು. "ಎಷ್ಟು ಚಂದ ಅದಾವ ನೋಡು."

ಇಷ್ಟು ವರ್ಷದಲ್ಲಿ ತನ್ನ ಕೂದಲಿನ ಬಗ್ಗೆ ಅವನ ಬಾಯಿಂದ ಆ ಮಾತನ್ನು ಅವಳು ಕೇಳಿರಲಿಲ್ಲ. ಸಿಮೆಂಟ್ ಹತ್ತಿದ ಕೈಯಿಂದಲೇ ಸೆರಗನ್ನು ತನ್ನ ನರೆತ ತಲೆಯ ಮೇಲೆ ಎಳೆದುಕೊಂಡಳು. "ಸಿಮೆಂಟ್ ಒಣಗಾಕತ್ತದ, ತುಂಬ್ರಿ," ಎಂದು ಸಿಮೆಂಟ್ ಮೆತ್ತುವ ಥಾಪಿಯನ್ನು ಅವನ ಕೈಗಿಟ್ಟಳು. ಆಮೇಲೆ ಗೋಡೆಗೆ ಹೇಳುವಂತೆ ಮೆಲ್ಲಗೆ ಅಂದಳು: "ಹೌದ್ರಿ, ಭಾಳ ಚಂದ ಇದ್ದವು."